ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹೊಸದೊಂದು ಬ್ಯಾಂಕು ಬಾಗಿಲು ತೆರೆಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕ ಮಾಡಿದಾಗ ಅಲ್ಲಿ ಕೂಡಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಇಂದಿನ ಮಕ್ಕಳಿಗೆ ಈ ಲೆಕ್ಕ ತಿಳಿಯದು. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಆ ಎರಡು ಪೈಯನ್ನೂ ಕೈಬಿಡದೆ ಬರೆದಿಟ್ಟರಲ್ಲ, ಅದು ನನಗೆ ಆ ಮೊತ್ತಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಬ್ಯಾಂಕಿನ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್. ಊರಿನ ಕೆಲವು ಗಣ್ಯರನ್ನು ಜೊತೆಗೂಡಿಸಿಕೊಂಡು ಅದನ್ನು ಕಟ್ಟಲು ಮುಂದಾಳಾಗಿ ನಿಂತವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಮುಂದೆ ಖಾನ್ ಬಹಾದ್ದೂರ್ ಎಂಬ ಬಿರುದು ಬಂದರೂ ಜನರ ಬಾಯಲ್ಲಿ ಉಳಿದದ್ದು ಹಾಜಿ ಅಬ್ದುಲ್ಲಾ ಸಾಹೇಬರು ಎಂಬ ಹೆಸರೇ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ದೂರದ ಬಾಗ್ದಾದಿನ, ಕೊರ್ದೊವಾದ ವೈಭವ ಹೇಳುತ್ತೇವೆ. ನಮ್ಮದೇ ಜಿಲ್ಲೆಯ ಈ ಮನುಷ್ಯರ ಕಥೆಯನ್ನು ಹೇಳುವವರು ಕಡಿಮೆ.

ಅದು ಬಂಗಾಳದ ವಿಭಜನೆಯ ಮರುವರ್ಷ. ಸ್ವದೇಶಿ ಚಳವಳಿಯ ಗಾಳಿ ಕರಾವಳಿಗೂ ಬೀಸಿತ್ತು. ಬ್ಯಾಂಕು ತೆರೆಯುವ ಮೊದಲು, ಫೆಬ್ರವರಿಯಲ್ಲಿ, ಹಾಜಿ ಸಾಹೇಬರು ಸಾರ್ವಜನಿಕರಿಗೆ ಒಂದು ಮನವಿ ಹೊರಡಿಸಿದ್ದರು. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು, ಜೊತೆಗೂಡಿ ದುಡಿಯುವ ಗುಣ ಬೆಳೆಸುವುದು, ಇವೆರಡೇ ಗುರಿ ಎಂದು ಅದರಲ್ಲಿ ತಿಳಿಸಿದ್ದರು. ಅದನ್ನೇ ಅವರು ಸ್ವದೇಶಿ ಎಂದು ಕರೆದರು. ಲಾಭದ ಆಸೆ ತೋರಿಸಿ ಕರೆಯಲಿಲ್ಲ.

ಇದರಲ್ಲಿ ಹೊಸತೇನು ಎಂದು ಕೇಳಬಹುದು. ಅಂದಿನ ಸ್ಥಿತಿ ನೋಡಿ. ಗೇಣಿ ಬೇಸಾಯಗಾರನ ಕೈಗೆ ನಾಲ್ಕು ಕಾಸು ಬಂದರೆ ಅದು ಮಡಕೆ ಸೇರುತ್ತಿತ್ತು, ಇಲ್ಲವೇ ಹೆಂಡತಿಯ ಕಿವಿಯ ಚಿನ್ನವಾಗುತ್ತಿತ್ತು. ಕಷ್ಟ ಬಂದಾಗ ಅದೇ ಚಿನ್ನ ಸಾಹುಕಾರನ ಪೆಟ್ಟಿಗೆಗೆ ಅಡವು ಹೋಗುತ್ತಿತ್ತು. ಒಬ್ಬನ ಹತ್ತಿರ ಸುಮ್ಮನೆ ಬಿದ್ದಿರುವ ಹಣ ಇನ್ನೊಬ್ಬನ ಎತ್ತಿಗೋ ದೋಣಿಗೋ ಅಂಗಡಿಯ ಸರಕಿಗೋ ಆಗುವ ದಾರಿಯೇ ಇರಲಿಲ್ಲ. ಆ ದಾರಿಯನ್ನು ಕಟ್ಟುವುದೇ ಹೊಸ ಉದ್ಯಮ. ಅದಕ್ಕೆ ಯಂತ್ರ ಬೇಡ. ಆದರೆ ಯಂತ್ರಕ್ಕಿಂತ ಕಷ್ಟದ ಒಂದು ವಸ್ತು ಬೇಕು. ಮಠದ ಊರಿನಲ್ಲಿ, ಒಬ್ಬ ಮುಸ್ಲಿಮ್ ವರ್ತಕನು ಮುಂದೆ ನಿಂತು ತೆರೆದ ಬಾಗಿಲೊಳಗೆ ಬ್ರಾಹ್ಮಣ, ಬಂಟ, ಕೊಂಕಣಿ, ಮೊಗವೀರ, ಕ್ರೈಸ್ತ, ಬ್ಯಾರಿ ಎಲ್ಲರೂ ತಮ್ಮ ಗಂಟು ಹಿಡಿದು ಬರಬೇಕು!

ಆ ನಂಬಿಕೆಯ ಬಗ್ಗೆ ಉಡುಪಿಯಲ್ಲಿ ಒಂದು ಕಥೆ ಇಂದಿಗೂ ಹೇಳುತ್ತಾರೆ. ಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆಯ ಕೊರತೆ ಬಂದಾಗ ಹಾಜಿ ಸಾಹೇಬರು ಎಣ್ಣೆ ಕಳುಹಿಸಿಕೊಟ್ಟರಂತೆ. ಕೇಳಿದ ಕಥೆಯನ್ನು ಕೇಳಿದಂತೆ ಬರೆದಿದ್ದೇನೆ. ನೆರೆಯವನ ಅಡಚಣೆಯನ್ನು ತನ್ನದೆಂದು ತಿಳಿಯುವವರು ಎಂದು ಊರು ಅವರನ್ನು ಕಂಡಿತ್ತು ಎಂಬುದಕ್ಕೆ ಆ ಕಥೆ ಉಳಿದು ಬಂದಿರುವುದೇ ಸಾಕು.

ಅಮಾನತ್ತಿನ ಮಾತು ಬಂದಾಗ ಸಹಾಬಿ ಝುಬೈರ್ ಬಿನ್ ಅವ್ವಾಮ್(ರ) ನೆನಪಾಗುತ್ತಾರೆ. ಜನರು ಅವರ ಬಳಿ ಹಣವನ್ನು ಅಮಾನತ್ತಾಗಿ ಇಡಲು ಬಂದರೆ ಅವರು ಹಾಗೆ ಸ್ವೀಕರಿಸುತ್ತಿರಲಿಲ್ಲ, ಸಾಲವೆಂದೇ ಬರೆಸಿಕೊಳ್ಳುತ್ತಿದ್ದರು. ಕಾಪಿಡಲು ಕೊಟ್ಟ ವಸ್ತು ಕಾಪಿಟ್ಟವನ ತಪ್ಪಿಲ್ಲದೆ ನಷ್ಟವಾದರೆ ಅವನ ಮೇಲೆ ಹೊಣೆಯಿಲ್ಲ. ಸಾಲವಾದರೆ ಏನೇ ಆದರೂ ತೀರಿಸಲೇಬೇಕು. ಅವರು ಶಹೀದರಾದಾಗ ಇಂತಹ ಸಾಲ 22 ಲಕ್ಷದಷ್ಟಿತ್ತು. ಮಗ ಅಬ್ದುಲ್ಲಾ(ರ) ಜಮೀನು ಮಾರಿ ತೀರಿಸಿದರು, ಆಮೇಲೂ ನಾಲ್ಕು ವರ್ಷ ಹಜ್ಜಿನ ಸಮಯದಲ್ಲಿ ಬಾಕಿಯವರು ಇದ್ದರೆ ಬನ್ನಿ ಎಂದು ಸಾರಿಸಿದರು. ಇಟ್ಟ ಹಣವನ್ನು ಸಾಲವೆಂದು ಎಣಿಸಿ ಪೂರ್ಣ ಹೊಣೆ ಹೊರುವುದು, ಇದೇ ಇಂದಿನ ಠೇವಣಿಯ ತಿರುಳು ಕೂಡ.

ಈ ಹೊಣೆ ಎಷ್ಟು ಭಾರ ಎಂಬುದು ಅದೇ ವರ್ಷ ಎಲ್ಲರಿಗೂ ಗೊತ್ತಾಯಿತು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಉಡುಪಿಯ ಬ್ಯಾಂಕು ತೆರೆದು ಏಳು ತಿಂಗಳಾಗಿರಬಹುದು. 1906ರ ಅಕ್ಟೋಬರಿನಲ್ಲಿ ಮದ್ರಾಸಿನ ಹೆಸರಾಂತ ಆರ್ಬತ್‌ನಾಟ್ ಕಂಪೆನಿ ಬಾಗಿಲು ಹಾಕಿತು. ಬಿಳಿಯರ ಸಂಸ್ಥೆ, ಬಹುಕಾಲದ ಹೆಸರು, ಬಂಡೆಯಂತೆ ಗಟ್ಟಿ ಎಂದು ನಂಬಿ ಹಣವಿಟ್ಟವರು ಬೀದಿಗೆ ಬಂದರು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಿತ್ತು. ಬೆಳ್ಳಿಯ ಸಟ್ಟಾದಲ್ಲಿ ಸಿಕ್ಕಿಕೊಂಡ ಬೊಂಬಾಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್ ಬಿತ್ತು. ಅವುಗಳ ಹಿಂದೆ ಇನ್ನೂ ಎಷ್ಟೋ. ಸ್ವದೇಶಿಯ ಹುರುಪಿನಲ್ಲಿ ಹುಟ್ಟಿದ ಹಲವು ಬ್ಯಾಂಕುಗಳಿಗೆ ಬೆಳೆಯುವ ಆತುರವೇ ಮೃತ್ಯುವಾಯಿತು.

ಉಡುಪಿಯ ಬ್ಯಾಂಕು ಏನು ಮಾಡಿತು? ಇದ್ದಲ್ಲೇ ಇತ್ತು. ಒಂದಲ್ಲ ಎರಡಲ್ಲ, 17 ವರ್ಷ!

1923ರಲ್ಲಿ ಅದರ ಮೊದಲ ಶಾಖೆ ತೆರೆದದ್ದು ಕುಂದಾಪುರದಲ್ಲಿ. ಇಂದು ಉಡುಪಿಯಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು, ಸುಮಾರು 36 ಕಿಲೋಮೀಟರ್. ಅಂದು ಕಲ್ಯಾಣಪುರದಲ್ಲಿ ಸ್ವರ್ಣೆ, ಬ್ರಹ್ಮಾವರ ಕಳೆದು ಮಾಬುಕಳದಲ್ಲಿ ಸೀತಾನದಿ. ಕಡವಿನಲ್ಲಿ ದೋಣಿಗೆ ಕಾದು ಹೋಗಬೇಕಿದ್ದ ದಾರಿ ಅದು. ಅಂತಹ ಕಾಲದಲ್ಲಿ ಹೊಳೆಯಾಚೆ ಒಂದು ಶಾಖೆ ಇಡುವುದೆಂದರೆ ಮನೆಯ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟಂತೆ. ಉಡುಪಿಯಲ್ಲಿ ಸಾಲ ಕೇಳಲು ಬಂದವನ ತಂದೆ ಯಾರು, ಗದ್ದೆ ಎಷ್ಟು ಮುಡಿಯದು, ಮಾತಿಗೆ ನಿಲ್ಲುವವನೇ ಎಂದು ಹಲಗೆಯ ಹಿಂದೆ ಕೂತವರಿಗೆ ಗೊತ್ತು. ಕುಂದಾಪುರದಲ್ಲಿ ಗೊತ್ತಿಲ್ಲ. ಅಲ್ಲಿ ಗೊತ್ತಿರುವವನು ಒಬ್ಬ ಬೇಕು, ಅವನು ಪ್ರಾಮಾಣಿಕನೂ ಆಗಿರಬೇಕು. ಅವನ ಪುಸ್ತಕವನ್ನು ದೂರದಿಂದ ತಪಾಸಣೆ ಮಾಡುವ ಕ್ರಮವೂ ಬೇಕು. ಹಣಕ್ಕಿಂತ ಇಂತಹ ಜನರನ್ನು ತಯಾರು ಮಾಡುವುದಕ್ಕೇ ಕಾಲ ಹಿಡಿಯುತ್ತದೆ.

ಕುಂದಾಪುರವನ್ನು ಆರಿಸಿದ್ದರಲ್ಲೂ ವಿವೇಕ ಕಾಣುತ್ತದೆ. ಅದು ತಾಲೂಕು ಕೇಂದ್ರ. ಪಂಚಗಂಗಾವಳಿಯ ಆಚೆ ಗಂಗೊಳ್ಳಿಯ ಬಂದರು. ಅಕ್ಕಿ, ತೆಂಗು, ಹಂಚು, ಮೀನು ಎಲ್ಲದಕ್ಕೂ ಅಲ್ಲಿ ವ್ಯಾಪಾರ. ಬೈಂದೂರು ಆಗ ಕುಂದಾಪುರ ತಾಲೂಕಿನದೇ ಭಾಗ, ಬ್ರಹ್ಮಾವರ ಉಡುಪಿ ತಾಲೂಕಿನದು. ಎರಡೂ ಬೇರೆ ತಾಲೂಕುಗಳಾದದ್ದು 2018ರಲ್ಲಿ. ಹೇಗಿದ್ದರೂ ಕಚೇರಿ ಕೆಲಸಕ್ಕೆಂದು ಬೈಂದೂರಿನ ಕಡೆಯ ರೈತ ಕುಂದಾಪುರಕ್ಕೆ ಬರಲೇಬೇಕಿತ್ತು. ಜನರು ನಡೆದು ಬರುವ ದಾರಿಯ ಮೇಲೆಯೇ ಬ್ಯಾಂಕು ಕೂತಿತು.

ಕುಂದಾಪುರ ನಿಂತ ಮೇಲೆ ನಡಿಗೆ ತುಸು ಚುರುಕಾಯಿತು. ಮೂರು ವರ್ಷಕ್ಕೆ, 1926ರಲ್ಲಿ, ಮಂಗಳೂರಿನಲ್ಲಿ ಎರಡನೆಯ ಶಾಖೆ. 1934ರಲ್ಲಿ ಘಟ್ಟ ಹತ್ತಿ ಮಡಿಕೇರಿಯಲ್ಲಿ ಏಳನೆಯದು. ಮೊದಲನೆಯದಕ್ಕೆ 17 ವರ್ಷ, ಮುಂದಿನ ಆರಕ್ಕೆ 11 ವರ್ಷ.

ಈಗ, ಓದುಗರಲ್ಲಿ ಹಲವರ ಮನಸ್ಸಿನಲ್ಲಿ ಆಗಲೇ ಎದ್ದಿರುವ ಪ್ರಶ್ನೆಗೆ ಬರೋಣ. ಬಡ್ಡಿಯನ್ನು ಅಲ್ಲಾಹನು ನಿಷೇಧಿಸಿದ್ದಾನೆ. ಹಜ್ಜ್ ಮಾಡಿ ಬಂದ ಮನುಷ್ಯ ಬ್ಯಾಂಕು ಕಟ್ಟಿದ್ದು ಹೇಗೆ? ಈ ಪ್ರಶ್ನೆಯನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಸರಿಯಲ್ಲ, ಇದೊಂದನ್ನೇ ಹಿಡಿದು ಅವರನ್ನು ಮರೆಯುವುದೂ ನ್ಯಾಯವಲ್ಲ. ಆ ಕಾಲದಲ್ಲಿ ಬಡ್ಡಿರಹಿತ ಬ್ಯಾಂಕು ಎಂಬ ಮಾದರಿ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಈಜಿಪ್ಟಿನ ಉಲಮಾಗಳು ಅಂಚೆ ಕಚೇರಿಯ ಉಳಿತಾಯ ಹಣದ ಬಡ್ಡಿಯ ಕುರಿತು ಚರ್ಚಿಸುತ್ತಿದ್ದುದು ಆ ವರ್ಷಗಳಲ್ಲೇ. ಅದೇ ಈಜಿಪ್ಟಿನ ಮೀತ್ ಗಮ್ರ್ ಎಂಬ ಸಣ್ಣ ಊರಿನಲ್ಲಿ ಅಹ್ಮದ್ ಅಲ್ ನಜ್ಜಾರ್ ಎಂಬವರು ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ಆರಂಭಿಸಿದ್ದು 1963ರಲ್ಲಿ, ಅಂದರೆ ಉಡುಪಿಯ ಬ್ಯಾಂಕಿಗೆ 57 ವರ್ಷ ತುಂಬಿದಾಗ. ಹಾಜಿ ಸಾಹೇಬರ ಮುಂದೆ ಇದ್ದದ್ದು ಎರಡೇ: ಬಡವನ ಕತ್ತು ಹಿಡಿದ ಸಾಹುಕಾರನ ಬಡ್ಡಿ, ಇಲ್ಲವೇ ಊರವರೆಲ್ಲರ ಕಣ್ಣಮುಂದೆ ಪುಸ್ತಕವಿಟ್ಟು ನಡೆಯುವ ಸಂಸ್ಥೆ. ಬಡ್ಡಿಯ ವಿಧಿ ಇದರಿಂದ ಬದಲಾಗುವುದಿಲ್ಲ. ಅವರ ಲೆಕ್ಕವನ್ನು ನೋಡುವವನು ಅಲ್ಲಾಹನು. ಆದರೆ ಮೂರನೆಯ ದಾರಿಯೊಂದನ್ನು ಕಟ್ಟುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಅದಕ್ಕೆ ಕೈಹಾಕಿದ ನಮ್ಮ ಯುವಕರಲ್ಲಿ ಕೆಲವರು ವರ್ಷ ತುಂಬುವ ಮೊದಲೇ ನಾಲ್ಕು ಊರುಗಳಲ್ಲಿ ಬೋರ್ಡು ತೂಗುಹಾಕುವುದನ್ನು ನೋಡಿದಾಗ ನನಗೆ ಆ 17 ವರ್ಷ ನೆನಪಾಗುತ್ತದೆ.

ಇನ್ನೊಂದು ಮಾತು. ಬ್ಯಾಂಕಿಗೆ ಅವರು ತಮ್ಮ ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ಇಡಲಿಲ್ಲ. ಜಿಲ್ಲೆಯ ಹೆಸರು, ಊರಿನ ಹೆಸರು ಇಟ್ಟರು. ಹಾಗಾಗಿ 1935ರಲ್ಲಿ ಅವರು ತೀರಿಕೊಂಡಾಗ ಬ್ಯಾಂಕು ನಿಲ್ಲಲಿಲ್ಲ. ಎರಡು ವರ್ಷಕ್ಕೆ ರಿಸರ್ವ್ ಬ್ಯಾಂಕಿನ ಅನುಸೂಚಿಯಲ್ಲಿ ಸೇರಿತು. 1939ರಲ್ಲಿ ಹೆಸರಿನಿಂದ ಉಡುಪಿ ಬಿಟ್ಟುಹೋಯಿತು. 1972ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಎಂದಾಯಿತು. 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು, ಮುಂದೆ ದೇಶದಲ್ಲೆಲ್ಲ ಎರಡು ಸಾವಿರಕ್ಕೂ ಹೆಚ್ಚು ಶಾಖೆಗಳಾದವು. ಹಾಜಿ ಸಾಹೇಬರ ಉಡುಪಿಯ ಮನೆಯಲ್ಲಿ ಬ್ಯಾಂಕು ಹಳೆಯ ನಾಣ್ಯಗಳ ಸಂಗ್ರಹಾಲಯವನ್ನೂ ತೆರೆಯಿತು.

2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಲಾಕ್‌ಡೌನಿನ ದಿನಗಳವು, ಬೀದಿಯಲ್ಲಿ ಜನರಿರಲಿಲ್ಲ. ಶಾಖೆಗಳ ಬೋರ್ಡುಗಳು ಒಂದೊಂದಾಗಿ ಬದಲಾದವು. ಹೆಸರು ಉಳಿದಿರುವುದು ಬೇರೊಂದು ಕಡೆ. ಹೆಂಗಸರು ಮತ್ತು ಮಕ್ಕಳ ಆಸ್ಪತ್ರೆಗೆಂದು ಹಾಜಿ ಸಾಹೇಬರು ಉಡುಪಿಯಲ್ಲಿ ಜಾಗ ದಾನ ಮಾಡಿದ್ದರು. ಅಲ್ಲಿನ ಆಸ್ಪತ್ರೆಗೆ ಇಂದಿಗೂ ಅವರ ಹೆಸರಿದೆ. ಹೆರಿಗೆಗೆಂದು ಬರುವ ಹೆಣ್ಣುಮಕ್ಕಳು ರಿಕ್ಷಾದವರಿಗೆ ಹಾಜಿ ಅಬ್ದುಲ್ಲಾ ಆಸ್ಪತ್ರೆ ಎಂದರೆ ಸಾಕು.