ಕರ್ನಾಟಕ ಕುಲಪುರೋಹಿತ ಆಲೂರು ವೆಂಕಟರಾಯರು (1880–1964)

ಕನ್ನಡ ನಾಡಿನ ಏಕೀಕರಣದ ಕಲ್ಪನೆಯನ್ನು ಜನಮನದಲ್ಲಿ ಬಿತ್ತಿ ಬೆಳೆಸಿದ ಮಹನೀಯರಲ್ಲಿ ಶ್ರೀ ಆಲೂರು ವೆಂಕಟರಾಯರ ಹೆಸರು ಅಗ್ರಗಣ್ಯವಾದುದು. ಅವರು 1880ರ ಜುಲೈ 12ರಂದು ವಿಜಾಪುರದಲ್ಲಿ (ಇಂದಿನ ವಿಜಯಪುರ) ಜನಿಸಿದರು. ತಂದೆ ಭೀಮರಾಯರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದರು. ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿಯನ್ನು ಪಡೆದು, ಮುಂಬಯಿಯಲ್ಲಿ ಕಾನೂನು ವ್ಯಾಸಂಗವನ್ನು ಪೂರೈಸಿ, 1905ರ ಸುಮಾರಿಗೆ ಧಾರವಾಡದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು.

ಅವರು ವೃತ್ತಿಗಿಳಿದ ಕಾಲದಲ್ಲಿ ಕರ್ನಾಟಕವೆಂಬುದು ಆಡಳಿತದ ಯಾವ ಭೂಪಟದಲ್ಲಿಯೂ ಇರಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ನಂತರ ಹಾಗೂ 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ನಂತರ ಕನ್ನಡ ಪ್ರದೇಶಗಳು ಸುಮಾರು 20 ಆಡಳಿತಗಳಲ್ಲಿ ಹಂಚಿಹೋಗಿದ್ದವು. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದರಾಸು ಪ್ರಾಂತಕ್ಕೆ. ಬೀದರ, ಗುಲಬರ್ಗಾ, ರಾಯಚೂರು ಹೈದರಾಬಾದಿನ ನಿಜಾಮರಿಗೆ. ಮೈಸೂರು ಒಡೆಯರ ಸಂಸ್ಥಾನವಾಗಿತ್ತು. ಕೊಡಗು ಪ್ರತ್ಯೇಕವಾಗಿತ್ತು. ಇವುಗಳ ನಡುವೆ ಸಂಡೂರು, ಸವಣೂರು, ಮುಧೋಳ, ಜಮಖಂಡಿ, ರಾಮದುರ್ಗ ಮೊದಲಾದ ಕಿರು ಸಂಸ್ಥಾನಗಳಿದ್ದವು.

ಈ ವಿಂಗಡಣೆಯ ಪರಿಣಾಮವನ್ನು ಜನಸಾಮಾನ್ಯರು ಹೆಚ್ಚಾಗಿ ಅನುಭವಿಸಿದ್ದು ಕಚೇರಿಗಳಲ್ಲಿ. ನಿಜಾಮರ ಆಡಳಿತದಲ್ಲಿ ಸರ್ಕಾರಿ ವ್ಯವಹಾರವು ಉರ್ದು ಭಾಷೆಯಲ್ಲಿ ನಡೆಯುತ್ತಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಮರಾಠಿಯದೇ ಪ್ರಾಬಲ್ಯವಿದ್ದು, ಡೆಪ್ಯುಟಿ ಚೆನ್ನಬಸಪ್ಪನವರಂತಹ ಅಧಿಕಾರಿಗಳ ಪ್ರಯತ್ನದಿಂದ ಕನ್ನಡ ಶಾಲೆಗಳು ಹೆಚ್ಚಿದವು. ತನ್ನ ಜಮೀನಿನ ಬಗ್ಗೆ ಅರ್ಜಿ ಸಲ್ಲಿಸಬೇಕಾದ ರೈತನು ಎಷ್ಟೋ ಕಡೆ ಮೊದಲು ಪರಭಾಷೆಯನ್ನು ಬಲ್ಲ ಬರಹಗಾರನೊಬ್ಬನನ್ನು ಹುಡುಕಬೇಕಾಗುತ್ತಿತ್ತು. ಬಂದ ಉತ್ತರವನ್ನು ಓದಿಸಲು ಮತ್ತೆ ಅವನನ್ನೇ ಕಾಣಬೇಕಾಗುತ್ತಿತ್ತು. ಏಕೀಕರಣವನ್ನು ಕೇವಲ ಭಾವನೆಯ ವಿಷಯವೆಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಪುಣೆಯ ವಿದ್ಯಾರ್ಥಿ ಜೀವನದಲ್ಲಿ ವೆಂಕಟರಾಯರ ಮೇಲೆ ಲೋಕಮಾನ್ಯ ಬಾಲಗಂಗಾಧರ ತಿಲಕರ ಪ್ರಭಾವ ಗಾಢವಾಗಿ ಬಿದ್ದಿತ್ತು. ಇಟಲಿ ಮತ್ತು ಜರ್ಮನಿಗಳಲ್ಲಿ ಹರಿದುಹಂಚಿಹೋಗಿದ್ದ ರಾಜ್ಯಗಳು ಕೂಡಿ ರಾಷ್ಟ್ರಗಳಾದ ವೃತ್ತಾಂತವು ಆ ತಲೆಮಾರಿನ ವಿದ್ಯಾವಂತ ತರುಣರಿಗೆ ಪರಿಚಿತವಾಗಿತ್ತು. 1905ರ ಅಕ್ಟೋಬರ್ 16ರಂದು ಲಾರ್ಡ್ ಕರ್ಜನ್ನನ ಸರ್ಕಾರವು ಬಂಗಾಳವನ್ನು ಎರಡಾಗಿ ವಿಭಜಿಸಿದಾಗ ದೇಶದಾದ್ಯಂತ ಸ್ವದೇಶಿ ಚಳವಳಿಯು ಭುಗಿಲೆದ್ದಿತು. ತಮ್ಮ ಪ್ರಾಂತವು ಎರಡು ಭಾಗವಾದುದಕ್ಕೆ ಬಂಗಾಳಿಗಳು ಇಷ್ಟೊಂದು ಕ್ಷೋಭೆಗೊಂಡಿರುವಾಗ, ನೂರು ವರ್ಷಗಳಿಂದ ಹಲವು ಭಾಗವಾಗಿರುವ ಕನ್ನಡಿಗರು ಏಕೆ ಸುಮ್ಮನಿದ್ದಾರೆ ಎಂಬ ಪ್ರಶ್ನೆಯು ಏಕೀಕರಣವಾದಿಗಳ ಮುಂದೆ ಸಹಜವಾಗಿ ಎದ್ದಿತು. ಅದೇ ವರ್ಷ ವೆಂಕಟರಾಯರು ಆನೆಗೊಂದಿ ಹಾಗೂ ಹಂಪಿಗೆ ಭೇಟಿ ನೀಡಿದರು. ವಿಜಯನಗರದ ಹಾಳುಬಿದ್ದ ಅವಶೇಷಗಳ ದರ್ಶನವು ಅವರ ಬದುಕಿನ ದಿಕ್ಕನ್ನೇ ಬದಲಿಸಿತು.

1890ರಲ್ಲಿ ಸ್ಥಾಪನೆಗೊಂಡಿದ್ದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ಅವರ ಕಾರ್ಯಕ್ಷೇತ್ರವಾಯಿತು. 1906ರಿಂದ ಸಂಘದ ಮುಖಪತ್ರಿಕೆಯಾದ ವಾಗ್ಭೂಷಣದ ಸಂಪಾದಕತ್ವವನ್ನು ವಹಿಸಿಕೊಂಡರು. 1907ರಲ್ಲಿ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಳನವು ಜರುಗಲು ಶ್ರಮಿಸಿದರು. ಬೇರೆ ಬೇರೆ ಆಡಳಿತಗಳಲ್ಲಿದ್ದ ಬರಹಗಾರರು ಒಂದೆಡೆ ಸೇರುವ ಈ ಪದ್ಧತಿಯು 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗುವುದಕ್ಕೆ ಹಾದಿಯನ್ನು ಸುಗಮಗೊಳಿಸಿತು. ಸಾರ್ವಜನಿಕ ಕಾರ್ಯವು ಹೆಚ್ಚಿದಂತೆ ವಕೀಲಿ ವೃತ್ತಿಯು ಹಿಂದೆ ಸರಿಯಿತು. ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ಅನುವಾದಿಸಿದವರೂ ವೆಂಕಟರಾಯರೇ.

ಅವರಿಗೆ ನಾಡಿನಾದ್ಯಂತ ಕೀರ್ತಿಯನ್ನು ತಂದ ಕೃತಿ 1917ರಲ್ಲಿ ಪ್ರಕಟವಾದ ಕರ್ನಾಟಕ ಗತವೈಭವ. ಆ ವೇಳೆಗೆ ಫ್ಲೀಟ್, ಭಾಂಡಾರಕರ್ ಮೊದಲಾದ ವಿದ್ವಾಂಸರು ಚಾಲುಕ್ಯ, ರಾಷ್ಟ್ರಕೂಟ ಅರಸರ ಇತಿಹಾಸವನ್ನು ಶಾಸನಗಳ ಆಧಾರದಿಂದ ಬೆಳಕಿಗೆ ತಂದಿದ್ದರಾದರೂ ಅದು ಇಂಗ್ಲಿಷ್ ಗ್ರಂಥಗಳಲ್ಲಿ ಅಡಗಿತ್ತು. ಉತ್ತರಾಪಥದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಇಮ್ಮಡಿ ಪುಲಕೇಶಿಯು ತಮ್ಮ ನಾಡಿನವನೆಂಬುದು ಬಾದಾಮಿಯ ನೆರೆಹೊರೆಯ ಅನೇಕರಿಗೇ ತಿಳಿದಿರಲಿಲ್ಲ. ವೆಂಕಟರಾಯರು ಆ ಇತಿಹಾಸವನ್ನು ಸಾಮಾನ್ಯ ಓದುಗರ ಕನ್ನಡದಲ್ಲಿ ನಿರೂಪಿಸಿದರು. ಅದು ಸಂಶೋಧಕನ ಗ್ರಂಥಕ್ಕಿಂತ ಹೆಚ್ಚಾಗಿ ಪ್ರಚಾರಕನ ಗ್ರಂಥ. ಅದರ ಆವೇಶದ ಕೆಲವು ಮಾತುಗಳನ್ನು ಇಂದಿನ ಇತಿಹಾಸಕಾರರು ಒಪ್ಪಲಾರರು. ಆದರೆ ಕನ್ನಡಿಗರ ಕೀಳರಿಮೆಯನ್ನು ಹೋಗಲಾಡಿಸುವಲ್ಲಿ ಅದು ಮಾಡಿದ ಕೆಲಸವನ್ನು ಬೇರೆ ಯಾವ ಪುಸ್ತಕವೂ ಮಾಡಲಿಲ್ಲವೆಂದರೆ ಅತಿಶಯೋಕ್ತಿಯಾಗದು. 1922ರಲ್ಲಿ ಅವರು ಜಯಕರ್ನಾಟಕ ಎಂಬ ಮಾಸಪತ್ರಿಕೆಯನ್ನು ಪ್ರಾರಂಭಿಸಿದರು.

ಈ ಕಾರ್ಯಕ್ಕೆ ವಿರೋಧವೂ ಇತ್ತು. ವಿದೇಶೀ ಆಡಳಿತವನ್ನು ಎದುರಿಸಬೇಕಾದ ಸಮಯದಲ್ಲಿ ಪ್ರಾಂತದ ಅಭಿಮಾನವನ್ನು ಬೆಳೆಸುವುದು ರಾಷ್ಟ್ರದ ಒಗ್ಗಟ್ಟಿಗೆ ಭಂಗ ತರುತ್ತದೆ ಎಂಬುದು ಹಲವು ದೇಶಭಕ್ತರ ಪ್ರಾಮಾಣಿಕ ಆತಂಕವಾಗಿತ್ತು. ವೆಂಕಟರಾಯರು ಇದನ್ನು ತಳ್ಳಿಹಾಕಲಿಲ್ಲ. ಕರ್ನಾಟಕತ್ವ ಎಂಬ ತತ್ತ್ವವನ್ನು ರೂಪಿಸಿ ಅದಕ್ಕೆ ಉತ್ತರ ನೀಡಿದರು. ಕನ್ನಡಿಗನು ಭಾರತೀಯನಾಗುವುದು ಕರ್ನಾಟಕದ ಮೂಲಕವೇ ಹೊರತು ಅದನ್ನು ಮರೆತಲ್ಲ, ತನ್ನ ನುಡಿಯಲ್ಲಿ ಮಾತನಾಡಲಾಗದ ಜನತೆಗೆ ಸ್ವರಾಜ್ಯವು ಪೂರ್ಣವಾಗದು ಎಂಬುದು ಅವರ ವಾದದ ತಿರುಳು. ಈ ಎರಡು ನಿಷ್ಠೆಗಳನ್ನು ಒಂದಕ್ಕೊಂದು ಎದುರಾಗಿಸದೆ ಜೋಡಿಸಿದ್ದು ಅವರ ಚಿಂತನೆಯ ಮುಖ್ಯ ಕೊಡುಗೆ.

1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸಭೆಯು ಸ್ಥಾಪನೆಯಾಯಿತು. 1920ರಲ್ಲಿ ಮೈಸೂರಿನ ನಿವೃತ್ತ ದಿವಾನರಾದ ಶ್ರೀ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಧಾರವಾಡದಲ್ಲಿ ನಡೆದ ರಾಜಕೀಯ ಪರಿಷತ್ತು ಕನ್ನಡ ಪ್ರಾಂತದ ಬೇಡಿಕೆಯನ್ನು ಮುಂದಿಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಮಹಾಧಿವೇಶನವು ಭಾಷಾವಾರು ಪ್ರಾಂತಗಳ ತತ್ತ್ವವನ್ನು ತನ್ನ ಸಂಘಟನೆಗೆ ಅಳವಡಿಸಿಕೊಂಡಿತು. ಸರ್ಕಾರದ ಲೆಕ್ಕದಲ್ಲಿ ಇಲ್ಲದ ಕರ್ನಾಟಕವು ಸ್ವಾತಂತ್ರ್ಯ ಚಳವಳಿಯ ಲೆಕ್ಕದಲ್ಲಿ ಹೀಗೆ ಒಂದು ಪ್ರಾಂತವಾಯಿತು. 1924ರಲ್ಲಿ ಮಹಾತ್ಮ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿದ ಸಂದರ್ಭದಲ್ಲಿಯೇ ಶ್ರೀ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ನೆರವೇರಿತು. 1930ರಲ್ಲಿ ಮೈಸೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟರಾಯರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು.

1947ರಲ್ಲಿ ದೇಶವು ಸ್ವತಂತ್ರವಾದರೂ ಏಕೀಕರಣವು ಕೈಗೂಡಲಿಲ್ಲ. ದೇಶವಿಭಜನೆಯ ಆಘಾತದಿಂದ ಇನ್ನೂ ಚೇತರಿಸಿಕೊಳ್ಳದ ನಾಯಕರಿಗೆ ಗಡಿಗಳನ್ನು ಮತ್ತೆ ಬರೆಯುವುದು ಅಪಾಯಕರವೆನಿಸಿತು. 1948ರ ಧರ್ ಆಯೋಗವು ಭಾಷಾವಾರು ರಚನೆಗೆ ವಿರುದ್ಧವಾಗಿ ವರದಿ ನೀಡಿತು. ಸಂಪನ್ನವಾಗಿದ್ದ ಮೈಸೂರಿನಲ್ಲಿಯೂ ಹಿಂದುಳಿದ ಜಿಲ್ಲೆಗಳ ಹೊರೆ ತಮ್ಮ ಮೇಲೆ ಬೀಳುವುದೆಂದು ಹಿಂಜರಿದವರಿದ್ದರು. 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣಾರ್ಪಣೆ ಮಾಡಿದ ನಂತರ ಆಂಧ್ರ ರಾಜ್ಯದ ರಚನೆ ಅನಿವಾರ್ಯವಾಯಿತು. 1953ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶ್ರೀ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೈಗೊಂಡಾಗ ಉತ್ತರದ ಜಿಲ್ಲೆಗಳಲ್ಲಿ ಜನರ ಸಹನೆ ತೀರಿತ್ತು. ಅದೇ ವರ್ಷದ ಕೊನೆಯಲ್ಲಿ ನೇಮಕಗೊಂಡ ಫಜಲ್ ಅಲಿ ಆಯೋಗವು 1955ರಲ್ಲಿ ವರದಿಯನ್ನು ಸಲ್ಲಿಸಿತು.

1956ರ ನವೆಂಬರ್ 1ರಂದು 19 ಜಿಲ್ಲೆಗಳನ್ನೊಳಗೊಂಡ ವಿಶಾಲ ಮೈಸೂರು ರಾಜ್ಯವು ಉದಯವಾಯಿತು. ಎಪ್ಪತ್ತಾರು ವರ್ಷದ ವೆಂಕಟರಾಯರು ಅಂದು ಹಂಪಿಗೆ ತೆರಳಿ ವಿರೂಪಾಕ್ಷ ದೇವಾಲಯದಲ್ಲಿ ಭುವನೇಶ್ವರಿ ದೇವಿಗೆ ಪೂಜೆ ಸಲ್ಲಿಸಿದರು. ಅವರ ಅಪೇಕ್ಷೆ ಪೂರ್ಣವಾಗಿ ಈಡೇರಿತ್ತೆಂದು ಹೇಳಲಾಗದು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳು ಹೊರಗುಳಿದವು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ದೊರೆಯಲಿಲ್ಲ.

1963ರಲ್ಲಿ ಕನ್ನಡವನ್ನು ರಾಜ್ಯದ ಅಧಿಕೃತ ಭಾಷೆಯನ್ನಾಗಿ ಮಾಡುವ ಅಧಿನಿಯಮವು ಜಾರಿಗೆ ಬಂದಿತು. 1964ರ ಫೆಬ್ರವರಿ 25ರಂದು ಶ್ರೀ ಆಲೂರು ವೆಂಕಟರಾಯರು ಧಾರವಾಡದಲ್ಲಿ ನಿಧನರಾದರು. ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದದ್ದು 1973ರ ನವೆಂಬರ್ 1ರಂದು, ಶ್ರೀ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದ ಅವಧಿಯಲ್ಲಿ.