ವೇದಕ್ಕೆ ಅರ್ಥ ಬರೆದ ಮಂತ್ರಿ ಶ್ರೀ ಸಾಯಣಾಚಾರ್ಯರು

ಭಕ್ತಾದಿಗಳೇ, ಹೇಮಕೂಟ ಹತ್ತಿ ಬಂದ ಆಯಾಸಕ್ಕೆ ಈ ಬಂಡೆಯ ಮೇಲೆ ಒಂದು ಗಳಿಗೆ ಕೂತುಕೊಳ್ಳಿ. ಕೆಳಗೆ ವಿರೂಪಾಕ್ಷಸ್ವಾಮಿಯ ಗುಡಿ, ಅದರಾಚೆ ತುಂಗಭದ್ರೆ. ಶಿವನ ಅಭಿಷೇಕದಲ್ಲಿ ರುದ್ರ ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಆ ರುದ್ರ ಇರುವುದು ಕೃಷ್ಣ ಯಜುರ್ವೇದದಲ್ಲಿ. ಅದಕ್ಕೆ ಅರ್ಥ ಬರೆದಿಟ್ಟ ಮಹನೀಯರು ಇದೇ ವಿಜಯನಗರದ ಅರಸರ ಮಂತ್ರಿಯಾಗಿದ್ದವರು. ಅವರೇ ಸಾಯಣಾಚಾರ್ಯರು.

ತಂದೆ ಮಾಯಣ, ತಾಯಿ ಶ್ರೀಮತಿ. ಭಾರದ್ವಾಜ ಗೋತ್ರ, ಯಜುರ್ವೇದದ ಮನೆತನ. ಅಣ್ಣ ಮಾಧವಾಚಾರ್ಯರು, ತಮ್ಮ ಭೋಗನಾಥ. ಈ ಮಾಧವರೇ ಮುಂದೆ ಸನ್ಯಾಸ ತಗೊಂಡು ವಿದ್ಯಾರಣ್ಯರಾದರು ಅಂತ ಪರಂಪರೆಯ ನಂಬಿಕೆ.

ಸಾಯಣರು ಬರೀ ಪುಸ್ತಕದ ಪಂಡಿತರಲ್ಲ. ಮೊದಲು ಬುಕ್ಕರಾಯನ ಸೋದರ ಕಂಪಣನಿಗೆ ಮಂತ್ರಿಯಾಗಿದ್ದರು. ಕಂಪಣ ತೀರಿಕೊಂಡಾಗ ಮಗ ಸಂಗಮ ಇನ್ನೂ ಎಳೆಯ. ರಾಜ್ಯ ನೋಡಿಕೊಳ್ಳುವುದು, ಹುಡುಗನಿಗೆ ವಿದ್ಯೆ ಕಲಿಸುವುದು, ಶತ್ರು ಬಂದರೆ ದಂಡು ನಡೆಸುವುದು, ಎಲ್ಲವೂ ಸಾಯಣರ ಹೆಗಲಿಗೇ ಬಿತ್ತು. ಮನೆಯಲ್ಲಿ ಮೂವರು ಗಂಡುಮಕ್ಕಳು. ಒಬ್ಬನಿಗೆ ಸಂಗೀತ, ಒಬ್ಬನಿಗೆ ಕವಿತೆ, ಮತ್ತೊಬ್ಬನಿಗೆ ವೇದಪಾಠ ಒಲಿದಿತ್ತು.

ಅದು ಹಳೆಯ ರಾಜ್ಯಗಳು ಒಂದೊಂದಾಗಿ ಉರುಳಿದ್ದ ಕಾಲ. ವೇದದ ಶಬ್ದವೇನೋ ಬಾಯಿಂದ ಬಾಯಿಗೆ ಸ್ವರ ಕೆಡದೆ ಉಳಿದಿತ್ತು. ಆದರೆ ಅರ್ಥ ಬಲ್ಲ ಗುರು ಕಣ್ಮುಚ್ಚಿದರೆ ಅರ್ಥವೂ ಅವರ ಜೊತೆಗೇ ಹೋದಂತೆ, ಅಲ್ಲವೇ? ಒಂದನೇ ಬುಕ್ಕರಾಯ ವೇದಾರ್ಥ ಬರೆಯಿರೆಂದು ಮಾಧವರನ್ನು ಕೇಳಿಕೊಂಡ. ಅವರು ಈ ಕೆಲಸಕ್ಕೆ ತಮ್ಮನೇ ತಕ್ಕವನೆಂದು ಸಾಯಣರನ್ನು ತೋರಿಸಿದರು.

ಸಾಯಣರು ಮೊದಲು ಕೈಗೆತ್ತಿಕೊಂಡಿದ್ದು ಯಜ್ಞಕ್ಕೆ ಆಧಾರವಾದ ಯಜುರ್ವೇದದ ತೈತ್ತಿರೀಯ ಸಂಹಿತೆ. ಆಮೇಲೆ 10 ಮಂಡಲ, 1028 ಸೂಕ್ತಗಳ ಋಗ್ವೇದ. ಸೂಕ್ತದ ಋಷಿ ಯಾರು, ಛಂದಸ್ಸು ಯಾವುದು, ದೇವತೆ ಯಾರು, ಯಾವ ಕರ್ಮದಲ್ಲಿ ಹೇಳಬೇಕು ಎಂದು ತಿಳಿಸಿ, ನಂತರ ಪದಪದಕ್ಕೂ ಅರ್ಥ ಬಿಡಿಸುತ್ತಾ ಹೋದರು. ಈ ಭಾಷ್ಯದ ಹೆಸರು ವೇದಾರ್ಥಪ್ರಕಾಶ. ಇಷ್ಟು ದೊಡ್ಡ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ನಾರಾಯಣ ವಾಜಪೇಯಯಾಜಿ, ನರಹರಿ ಸೋಮಯಾಜಿ, ಪಂಢರಿ ದೀಕ್ಷಿತ ಎಂಬ ವಿದ್ವಾಂಸರಿಗೆ ವೇದಭಾಷ್ಯದ ಕೆಲಸಕ್ಕಾಗಿ ಇಮ್ಮಡಿ ಹರಿಹರ ದಾನ ಕೊಟ್ಟ ಸಂಗತಿ 1386ರ ತಾಮ್ರಶಾಸನದಲ್ಲಿದೆ. ಮರುವರ್ಷ, 1387ರಲ್ಲಿ, ಸಾಯಣರು ದೈವಾಧೀನರಾದರು.

ಅವರ ಋಗ್ವೇದ ಭಾಷ್ಯವನ್ನು ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ 6 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 20ನೇ ಶತಮಾನದಲ್ಲಿ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಅದನ್ನು ಕನ್ನಡ ವಿವರಣೆಯೊಡನೆ ಹೊರತಂದರು. ಕೆಲವು ಪದಗಳಿಗೆ ಸಾಯಣರು ಕೊಟ್ಟ ಅರ್ಥವನ್ನು ಈಗಿನ ವಿದ್ವಾಂಸರು ಒಪ್ಪದಿರಬಹುದು. ಆದರೂ ಅವರನ್ನು ಬಿಟ್ಟು ವೇದ ಓದಿದವರು ಕಡಿಮೆ.

ಬೆಟ್ಟ ಇಳಿದು ಗುಡಿಗೆ ಹೋದಾಗ ಮಂತ್ರ ಕೇಳಿ ಕೈಮುಗಿಯಿರಿ. ಜೊತೆಗೆ ಅರ್ಚಕರನ್ನು ಒಂದೇ ಒಂದು ಮಂತ್ರದ ಅರ್ಥ ಕೇಳಿ ತಿಳಿದುಕೊಂಡು ಮನೆಗೆ ಒಯ್ಯಿರಿ. ಸಾಯಣಾಚಾರ್ಯರಿಗೆ ನಾವು ಸಲ್ಲಿಸುವ ಕಾಣಿಕೆ ಅದೇ.