ಉತ್ತಂಗಿ ಚನ್ನಪ್ಪ

ರೆವರೆಂಡ್ ಉತ್ತಂಗಿ ಚನ್ನಪ್ಪ (28 ಅಕ್ಟೋಬರ್ 1881 – 28 ಆಗಸ್ಟ್ 1962) ಕನ್ನಡದ ವಿದ್ವಾಂಸರು, ಗ್ರಂಥ ಸಂಪಾದಕರು ಹಾಗೂ ಬಾಸೆಲ್ ಮಿಷನ್ ಸಭೆಯ ಪಾದ್ರಿಗಳು. ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ ಪ್ರಕಟಿಸಿದ ಕಾರ್ಯದಿಂದ ನಾಡಿನಾದ್ಯಂತ ಪ್ರಸಿದ್ಧರಾದರು. 1949ರಲ್ಲಿ ಗುಲ್ಬರ್ಗದಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ತಿರುಳ್ಗನ್ನಡದ ತಿರುಕ ಎಂಬುದು ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರು. ಕ್ರೈಸ್ತ ಸಭೆಯು ಪರದೇಶದ ಆಶ್ರಯದಲ್ಲಿ ಉಳಿಯದೆ ಈ ನೆಲದ ಭಾಷೆ ಮತ್ತು ಅನುಭಾವ ಪರಂಪರೆಯಲ್ಲಿ ಬೇರೂರಬೇಕೆಂಬುದು ಅವರ ಜೀವನದ ಮುಖ್ಯ ವಿಚಾರವಾಗಿತ್ತು.

ಜನನ ಮತ್ತು ವಿದ್ಯಾಭ್ಯಾಸ

ಚನ್ನಪ್ಪನವರು ಧಾರವಾಡದಲ್ಲಿ ಜನಿಸಿದರು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿ, 1837ರಲ್ಲಿ ಧಾರವಾಡಕ್ಕೂ ಅನಂತರ ಹುಬ್ಬಳ್ಳಿ ಮತ್ತು ಬೆಟಗೇರಿಗಳಿಗೂ ಹಬ್ಬಿತ್ತು. ಶಾಲೆ, ಮುದ್ರಣಾಲಯ, ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳು ಅದರ ಚಟುವಟಿಕೆಯ ಅಂಗಗಳಾಗಿದ್ದವು. ಈ ಮಿಷನ್ನಿನ ಶಾಲೆಯಲ್ಲಿ ಕಲಿತ ಚನ್ನಪ್ಪನವರು ಮಂಗಳೂರಿಗೆ ತೆರಳಿ ಅಲ್ಲಿಯ ದೈವಜ್ಞಾನ ಶಾಲೆಯಲ್ಲಿ ಪಾದ್ರಿ ವೃತ್ತಿಗೆ ಬೇಕಾದ ಶಿಕ್ಷಣ ಪಡೆದರು. ಮೋಗ್ಲಿಂಗ್, ಕಿಟೆಲ್ ಮೊದಲಾದವರು ಕನ್ನಡ ಗ್ರಂಥಗಳನ್ನು ಶ್ರದ್ಧೆಯಿಂದ ಅಭ್ಯಸಿಸಿದ ಪರಂಪರೆ ಆ ಸಂಸ್ಥೆಗಿತ್ತು. ಚನ್ನಪ್ಪನವರು ಆ ಪರಂಪರೆಯ ಫಲವನ್ನು ಪಡೆದರೂ ಅದರ ಮಿತಿಯನ್ನು ಮೀರಿದರು. ಮಿಷನರಿಗಳು ಹೊರಗಿನಿಂದ ಬಂದು ಕಲಿತ ಸಾಹಿತ್ಯ ಅವರಿಗೆ ಹುಟ್ಟಿನಿಂದಲೇ ಬಂದ ಸ್ವತ್ತಾಗಿತ್ತು.

ಪಾದ್ರಿ ವೃತ್ತಿ ಮತ್ತು ಕಾಲದ ಪರಿವರ್ತನೆ

ಶಿಕ್ಷಣ ಮುಗಿಸಿದ ಬಳಿಕ ಅವರು ಉತ್ತರ ಕರ್ನಾಟಕದ ಸಭೆಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದರು. ಆ ಅವಧಿಯಲ್ಲಿ ಮಿಷನ್ನಿನ ಬುನಾದಿಯೇ ಅಲುಗಾಡಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರದ ದೃಷ್ಟಿಯಲ್ಲಿ ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧಿಸಿ ಕ್ರಮೇಣ ದೇಶದಿಂದ ಹೊರಗೆ ಕಳುಹಿಸಲಾಯಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ಎಂಟು ದಶಕಗಳ ಕಾಲ ಯುರೋಪಿನ ಹಣ ಮತ್ತು ನಾಯಕತ್ವವನ್ನು ನೆಚ್ಚಿಕೊಂಡಿದ್ದ ಸಭೆಗಳು ತಮ್ಮ ಹೊಣೆಯನ್ನು ತಾವೇ ಹೊರಬೇಕಾದ ಪ್ರಸಂಗ ಒದಗಿತು. ಅದೇ ವೇಳೆಗೆ ರಾಷ್ಟ್ರೀಯ ಚಳವಳಿಯೂ ಬಲಗೊಳ್ಳುತ್ತಿತ್ತು. ಸ್ವತಂತ್ರವಾಗಲಿರುವ ದೇಶದಲ್ಲಿ ಕ್ರೈಸ್ತ ಸಭೆಯ ಸ್ಥಾನವೇನು ಎಂಬ ಪ್ರಶ್ನೆ ದೇಶೀಯ ಪಾದ್ರಿಗಳ ಮುಂದೆ ನೇರವಾಗಿ ನಿಂತಿತು.

ಬನಾರಸಕ್ಕೆ ಬೆತ್ಲೆಹೇಮದ ವಿನಂತಿ

ಈ ಪ್ರಶ್ನೆಗೆ ಚನ್ನಪ್ಪನವರು ಕೊಟ್ಟ ಉತ್ತರ 1921ರಲ್ಲಿ ಹೊರಬಂದ 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ' ಎಂಬ ಗ್ರಂಥ. ಬನಾರಸವು ಹಿಂದೂ ಧರ್ಮದ, ಬೆತ್ಲೆಹೇಮವು ಕ್ರೈಸ್ತ ಧರ್ಮದ ಸಂಕೇತ. ಗ್ರಂಥದ ಹೆಸರಿನಲ್ಲಿರುವುದು ಆಜ್ಞೆಯಲ್ಲ, ಖಂಡನೆಯೂ ಅಲ್ಲ, ವಿನಂತಿ. ಅನ್ಯಧರ್ಮವನ್ನು ಹೀಗಳೆದು ಸುವಾರ್ತೆ ಸಾರುವ ರೂಢಿಗಿಂತ ಈ ಧೋರಣೆ ಭಿನ್ನವಾಗಿತ್ತು. ಹಿಂದೂ ಧಾರ್ಮಿಕ ಪರಂಪರೆಯ ಬಗ್ಗೆ ಗೌರವವನ್ನಿಟ್ಟುಕೊಂಡೇ ಅವರು ಕ್ರಿಸ್ತನ ಸಂದೇಶವನ್ನು ಅದರ ಮುಂದಿರಿಸಿದರು.

ಇಂಥ ಚಿಂತನೆ ಆಗ ಅನ್ಯತ್ರವೂ ನಡೆದಿತ್ತು. 1910ರ ಎಡಿನ್‌ಬರೋ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ವಿ. ಎಸ್. ಅಜರಯ್ಯನವರು ಮಿಷನರಿಗಳು ಮತ್ತು ದೇಶೀಯ ಕ್ರೈಸ್ತರ ನಡುವಿನ ಅಂತರವನ್ನು ಎತ್ತಿ ತೋರಿಸಿದ್ದರು. 1938ರಲ್ಲಿ ಮದ್ರಾಸಿನ ಬಳಿಯ ತಾಂಬರಂನಲ್ಲಿ ಸೇರಿದ ಸಮ್ಮೇಳನದಲ್ಲಿ ಇತರ ಧರ್ಮಗಳ ಬಗ್ಗೆ ಸಭೆಯ ನಿಲುವೇನಿರಬೇಕೆಂಬುದು ದೊಡ್ಡ ಚರ್ಚೆಯಾಯಿತು. ಆ ಚರ್ಚೆಗೆ 17 ವರ್ಷ ಮೊದಲೇ ಚನ್ನಪ್ಪನವರು ಆ ವಿಷಯವನ್ನು ಕನ್ನಡದಲ್ಲಿ, ಕನ್ನಡ ಓದುಗರ ಮುಂದೆ ಇಟ್ಟಿದ್ದರು.

ಸರ್ವಜ್ಞನ ವಚನಗಳು

ಸರ್ವಜ್ಞನ ಹೆಸರಿನೊಂದಿಗೆ ಹೊಂದಿಕೊಂಡಿರುವ ಅಬಲೂರು ಮತ್ತು ಮಾಸೂರು ಗ್ರಾಮಗಳು ಹಳೆಯ ಹಿರೇಕೆರೂರು ತಾಲೂಕಿನವು. ಏಕಾಂತದ ರಾಮಯ್ಯನ ಶಾಸನವಿರುವುದೂ ಅಬಲೂರಿನಲ್ಲಿಯೇ. ನೆರೆಯ ಶಿಗ್ಗಾಂವಿ ಸೀಮೆಯ ಬಾಡ ಕನಕದಾಸರ ಊರು. ಶಿಶುವಿನಹಾಳ ಸಂತ ಶರೀಫರ ಊರು. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಚನ್ನಪ್ಪನವರ ಸಮಕಾಲೀನರು. ನವಾಬರ ಆಳ್ವಿಕೆಯ ಸವಣೂರು ಸಂಸ್ಥಾನವೂ ಈ ನೆರೆಯಲ್ಲಿತ್ತು. ಹಲವು ಮತಗಳು ಒಂದೇ ಕನ್ನಡದಲ್ಲಿ ಮಾತಾಡಿದ ಈ ಪ್ರದೇಶದ ಕವಿಯನ್ನು ಕ್ರೈಸ್ತ ಪಾದ್ರಿಯೊಬ್ಬರು ಎತ್ತಿ ಹಿಡಿದದ್ದು ಅರ್ಥಪೂರ್ಣವಾಗಿದೆ.

ಸರ್ವಜ್ಞನ ಪದ್ಯಗಳು ಜನರ ನಾಲಗೆಯ ಮೇಲೆ ಉಳಿದಿದ್ದವು. ಹಸ್ತಪ್ರತಿಗಳಲ್ಲಿ ಪಾಠಭೇದಗಳು ಹೆಚ್ಚಾಗಿದ್ದವು. ಅವನ ಅಂಕಿತವಿಟ್ಟು ಇತರರು ಸೇರಿಸಿದ ಪದ್ಯಗಳೂ ಬಹಳವಿದ್ದವು. ಚನ್ನಪ್ಪನವರು ಇವುಗಳನ್ನು ಕೂಡಿಸಿ, ಹೋಲಿಸಿ, ವಿಷಯಾನುಸಾರ ವಿಂಗಡಿಸಿ 1924ರಲ್ಲಿ ಪ್ರಕಟಿಸಿದರು. ಸುಮಾರು 2,000 ತ್ರಿಪದಿಗಳ ಈ ಸಂಗ್ರಹ ಮುಂದಿನ ಆವೃತ್ತಿಗಳಿಗೂ ಶಾಲಾ ಪಠ್ಯಗಳಿಗೂ ಆಧಾರವಾಯಿತು.

ಶರಣ ಸಾಹಿತ್ಯ

ಅನಂತರ ಅವರ ಗಮನ ಶರಣ ಸಾಹಿತ್ಯದ ಕಡೆಗೆ ಹರಿಯಿತು. ಮೋಳಿಗೆ ಮಾರಯ್ಯ, ರಾಣಿ ಮಹಾದೇವಿ, ಸಿದ್ಧರಾಮ ಮತ್ತು ಆದಯ್ಯರ ಸಾಹಿತ್ಯವನ್ನು ಸಂಪಾದಿಸಿದರು. ಆದಯ್ಯನ ವಚನಗಳ ಸಂಪಾದನೆಯಲ್ಲಿ ಸಂ. ಶಿ. ಭೂಸನೂರಮಠರು ಜೊತೆಗಿದ್ದರು. ಬಸವೇಶ್ವರರ ಕಾಲದ ಅನುಭವ ಮಂಟಪವು ಕೇವಲ ಕಲ್ಪನೆಯೆಂದು ಕಪಟರಾಳ ಕೃಷ್ಣರಾಯರು ವಾದಿಸಿದಾಗ, ಚನ್ನಪ್ಪನವರು 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥ ಬರೆದು ಅದನ್ನು ಸಮರ್ಥಿಸಿದರು. ಲಿಂಗಾಯತ ಪರಂಪರೆಯ ಪರವಾಗಿ ವಾದಿಸಿದವರು ಕ್ರೈಸ್ತ ಪಾದ್ರಿಯಾಗಿದ್ದರೆಂಬುದು ಕನ್ನಡ ವಿದ್ವತ್ತಿನ ಇತಿಹಾಸದಲ್ಲಿ ಅಪೂರ್ವ ಪ್ರಸಂಗ. ಅಸ್ಪೃಶ್ಯರ ಉದ್ಧಾರದ ದೃಷ್ಟಿಯಿಂದಲೂ ಅವರು ಬಸವೇಶ್ವರರ ಕಾರ್ಯವನ್ನು ವಿವೇಚಿಸಿದರು.

ಮಹತ್ವ

ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ಮರುವರ್ಷವೇ ಗುಲ್ಬರ್ಗದಲ್ಲಿ ಸೇರಿದ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅದಕ್ಕೆ ಎರಡು ವರ್ಷ ಮೊದಲು, 1947ರ ಸೆಪ್ಟೆಂಬರ್ 27ರಂದು, ಹಲವು ಮಿಷನ್ನುಗಳ ಸಭೆಗಳು ಒಂದುಗೂಡಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಗಿತ್ತು. ಇಂದು ಬಾಸೆಲ್ ಮಿಷನ್ ಪರಂಪರೆಯ ಉತ್ತರ ಕರ್ನಾಟಕದ ಸಭೆಗಳು ಅದರ ಧಾರವಾಡ ಕೇಂದ್ರಿತ ಧರ್ಮಪ್ರಾಂತ್ಯದಲ್ಲಿವೆ. ಆಡಳಿತ ದೇಶೀಯರ ಕೈಗೆ ಬಂದರೆ ಸಾಕೆಂದು ಚನ್ನಪ್ಪನವರು ತಿಳಿದವರಲ್ಲ. ನೆರೆಯವರ ಧರ್ಮವನ್ನು ಅರಿಯದ ಸಭೆಗೆ ಈ ನಾಡಿನಲ್ಲಿ ನೆಲೆಯಿಲ್ಲವೆಂಬುದು ಅವರ ಬದುಕು ಮತ್ತು ಕೃತಿಗಳಿಂದ ಹೊರಡುವ ಅರ್ಥ. ಸ್ವಧರ್ಮದಲ್ಲಿ ದೃಢವಾಗಿ ನಿಂತು ಪರಧರ್ಮದ ಸಾಹಿತ್ಯಕ್ಕೆ ಆಯುಷ್ಯವನ್ನೇ ಸವೆಸಿದ ಅವರು, ಕರ್ನಾಟಕದ ಧರ್ಮಸಮನ್ವಯ ಪರಂಪರೆಯಲ್ಲಿ ವಿಶಿಷ್ಟ ಸ್ಥಾನ ಪಡೆದಿದ್ದಾರೆ.

ಪ್ರಮುಖ ಕೃತಿಗಳು

ಬನಾರಸಕ್ಕೆ ಬೆತ್ಲೆಹೇಮದ ವಿನಂತಿ
ಸರ್ವಜ್ಞನ ವಚನಗಳು (ಸಂಪಾದನೆ)
ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ
ಅನುಭವ ಮಂಟಪದ ಐತಿಹಾಸಿಕತೆ
ಸಿದ್ಧರಾಮ ಸಾಹಿತ್ಯ ಸಂಗ್ರಹ (ಸಂಪಾದನೆ)
ಆದಯ್ಯನ ವಚನಗಳು (ಸಂಪಾದನೆ)